ಬಡವರ ವಕೀಲ ಸಂತ ಈವೊ

ಪ್ರತಿ ವರ್ಷ ಮೇ 19ರಂದು ಧರ್ಮಸಭೆಯು ಸಂತ ಈವೊ ಅವರ ಹಬ್ಬವನ್ನು ನೆನಪಿಸಿಕೊಳ್ಳುತ್ತದೆ. ನಮ್ಮ ಕರಾವಳಿಯಲ್ಲಿ ಸಂತ ಅಂತೋನಿ, ಸಂತ ಲಾರೆನ್ಸ್, ಸಂತ ಸೆಬಾಸ್ಟಿಯನ್ ಅವರಿಗೆ ಇರುವಷ್ಟು ಭಕ್ತಿ ಈ ಸಂತರಿಗಿಲ್ಲ. ಅವರ ಹೆಸರಿನ ಇಗರ್ಜಿಯನ್ನು ನಮ್ಮ ಓದುಗರಲ್ಲಿ ಹೆಚ್ಚಿನವರು ಕಂಡಿರಲಾರರು. ಆದರೆ ಏಳುನೂರು ವರ್ಷಗಳ ಹಿಂದೆ ಫ್ರಾನ್ಸಿನ ಒಂದು ಕಡಲತೀರದ ಊರಿನಲ್ಲಿ ಬಾಳಿದ ಈ ಗುರುಗಳನ್ನು ಜಗತ್ತಿನ ವಕೀಲರು, ನ್ಯಾಯಾಧೀಶರು ತಮ್ಮ ಪಾಲಕ ಸಂತರೆಂದು ಗೌರವಿಸುತ್ತಾರೆ. ಹಣವಿಲ್ಲದ ಮನುಷ್ಯನ ಪರವಾಗಿ ನ್ಯಾಯಾಲಯದಲ್ಲಿ ಎದ್ದು ನಿಂತವರು ಎಂಬುದೇ ಅವರ ದೊಡ್ಡ ಕೀರ್ತಿ.

ಕೋರ್ಟು ಎಂದರೆ ನಮ್ಮ ಜನರಿಗೆ ಭಯ. ಗೆದ್ದವನು ಸೋತ, ಸೋತವನು ಸತ್ತ ಎಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ. ಮಗನನ್ನು ಪೊಲೀಸರು ಕರೆದುಕೊಂಡು ಹೋದರೆ ಅಥವಾ ಮನೆಯ ಯಜಮಾನ ರಸ್ತೆ ಅಪಘಾತದಲ್ಲಿ ಕಾಲು ಕಳೆದುಕೊಂಡರೆ ಯಾರ ಬಳಿ ಹೋಗಬೇಕು, ಎಷ್ಟು ಖರ್ಚಾಗುತ್ತದೆ, ಯಾರನ್ನು ನಂಬಬೇಕು ಎಂಬುದು ತಿಳಿಯದೆ ಎಷ್ಟೋ ಕುಟುಂಬಗಳು ಕಂಗಾಲಾಗುತ್ತವೆ. ಅಂಥ ಹೊತ್ತಿನಲ್ಲಿ ಕಾನೂನು ಬಲ್ಲ ಒಬ್ಬ ಪ್ರಾಮಾಣಿಕ ಮನುಷ್ಯ ಪಕ್ಕದಲ್ಲಿ ನಿಂತರೆ ಎಷ್ಟು ದೊಡ್ಡ ಬಲ ಎಂಬುದನ್ನು ಸಂತ ಈವೊ ಅವರ ಬದುಕು ತೋರಿಸಿಕೊಡುತ್ತದೆ.

ಬಾಲ್ಯ ಮತ್ತು ವಿದ್ಯಾಭ್ಯಾಸ

ಈವೊ ಅವರು 1253ರ ಅಕ್ಟೋಬರ್ 17ರಂದು ಬ್ರಿಟನಿ ಪ್ರಾಂತ್ಯದ ಟ್ರೆಗಿಯೆ ಪಟ್ಟಣದ ಸಮೀಪವಿರುವ ಕೆರ್ಮಾರ್ಟಿನ್ ಎಂಬಲ್ಲಿ ಜನಿಸಿದರು. ತಂದೆ ಹೆಲೊರಿ ಅಲ್ಲಿನ ಚಿಕ್ಕ ಜಮೀನುದಾರರು. ತಾಯಿಯ ಹೆಸರು ಆಜೊ. ಫ್ರೆಂಚ್ ಭಾಷೆಯಲ್ಲಿ ಈ ಸಂತರ ಹೆಸರು ಈವ್, ಲತೀನಿನಲ್ಲಿ ಈವೊ.

ಬ್ರಿಟನಿ ಎಂಬುದು ಫ್ರಾನ್ಸಿನ ವಾಯವ್ಯ ಮೂಲೆಯಲ್ಲಿ ಸಮುದ್ರದೊಳಕ್ಕೆ ಚಾಚಿಕೊಂಡಿರುವ ನಾಡು. ಮೀನುಗಾರರು, ನಾವಿಕರು, ಸಣ್ಣ ರೈತರು ಅಲ್ಲಿನ ಜನ. ಅವರ ಮಾತು ಬ್ರೆಟನ್. ಫ್ರೆಂಚಿಗೂ ಅದಕ್ಕೂ ಸಂಬಂಧವೇ ಇಲ್ಲವೆನ್ನುವಷ್ಟು ಬೇರೆ ಭಾಷೆ. ದೊಡ್ಡವರ ಮಾತು ಫ್ರೆಂಚ್, ಧರ್ಮಸಭೆಯ ನ್ಯಾಯಾಲಯದ ಬರಹ ಲತೀನ್. ಹೊಲ ಉಳುವ ಬ್ರೆಟನ್ ರೈತ ನ್ಯಾಯಾಲಯಕ್ಕೆ ಬಂದರೆ ಅವನ ಬಗ್ಗೆಯೇ ಬರೆದ ಕಾಗದ ಅವನಿಗೆ ಅರ್ಥವಾಗುತ್ತಿರಲಿಲ್ಲ. ತುಳು, ಕೊಂಕಣಿ ಮನೆಮಾತಿನ ನಮ್ಮ ಹಿರಿಯರು ಇಂಗ್ಲಿಷಿನ ಕೋರ್ಟು ಕಾಗದಗಳನ್ನು ಕೈಯಲ್ಲಿ ಹಿಡಿದು ನಿಂತದ್ದನ್ನು ಕಂಡವರಿಗೆ ಈ ಕಷ್ಟವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹದಿನಾಲ್ಕರ ಹರೆಯದಲ್ಲಿ, ಎಂದರೆ 1267ರಲ್ಲಿ, ಈವೊ ಅವರನ್ನು ಪ್ಯಾರಿಸ್ ವಿಶ್ವವಿದ್ಯಾಲಯಕ್ಕೆ ಕಳುಹಿಸಲಾಯಿತು. ಅಲ್ಲಿ ಅವರು ತತ್ವಶಾಸ್ತ್ರ, ದೇವಶಾಸ್ತ್ರ ಮತ್ತು ಧರ್ಮಸಭೆಯ ಕಾನೂನನ್ನು ಕಲಿತರು. ಆ ಕಾಲದಲ್ಲಿ ಪ್ಯಾರಿಸಿನಲ್ಲಿ ರೋಮನ್ ನಾಗರಿಕ ಕಾನೂನನ್ನು ಕಲಿಸುವಂತಿರಲಿಲ್ಲ. ಪೋಪ್ ಮೂರನೇ ಹೊನೊರಿಯಸ್ ಅವರು 1219ರಲ್ಲಿ ಅದನ್ನು ನಿಷೇಧಿಸಿದ್ದರು. ಆದುದರಿಂದ ಪೂರ್ಣ ಕಾನೂನು ಕಲಿಯಬೇಕೆಂಬ ಆಸೆಯಿಂದ ಈವೊ ಅವರು 1277ರಲ್ಲಿ ಒರ್ಲಿಯನ್ಸ್ ನಗರಕ್ಕೆ ಹೋದರು. ಅಂದಿನ ಯುರೋಪಿನಲ್ಲಿ ಹೆಸರಾಂತ ಕಾನೂನು ಶಾಲೆ ಅಲ್ಲಿತ್ತು. ಮುಂದೆ ಕಾರ್ಡಿನಲ್ ಆದ ಪಿಯೆರ್ ದ ಲಾ ಶಾಪೆಲ್ ಅವರು ಅಲ್ಲಿ ಅವರ ಗುರುಗಳಾಗಿದ್ದರು.

ವಿದ್ಯಾರ್ಥಿ ಜೀವನದ ಪ್ರಲೋಭನೆಗಳು ಅಂದೂ ಕಡಿಮೆಯಿರಲಿಲ್ಲ. ಈವೊ ಅವರು ಮಾಂಸ, ದ್ರಾಕ್ಷಾರಸ ಬಿಟ್ಟರು. ಹುಲ್ಲಿನ ಮೇಲೆ ಮಲಗಿದರು. ಬಿಡುವಿನ ವೇಳೆಯನ್ನು ಪ್ರಾರ್ಥನೆಗೂ ರೋಗಿಗಳ ಭೇಟಿಗೂ ಕೊಟ್ಟರು. ಕಾನೂನು ಓದಿದರೆ ಹಣ ಕೂಡಿಬರುತ್ತದೆ, ಅರಮನೆಯ ಬಾಗಿಲು ತೆರೆಯುತ್ತದೆ ಎಂದು ಜೊತೆಯವರು ಲೆಕ್ಕ ಹಾಕುತ್ತಿದ್ದ ಕಾಲ ಅದು. ಈವೊ ಅವರ ಲೆಕ್ಕ ಬೇರೆಯೇ ಇತ್ತು ಎಂಬುದು ಅವರು ಊರಿಗೆ ಮರಳಿದ ಮೇಲೆ ಎಲ್ಲರಿಗೂ ತಿಳಿಯಿತು.

ಅಂದಿನ ನ್ಯಾಯಾಲಯಗಳು

ಈವೊ ಅವರ ಕೆಲಸದ ಬೆಲೆ ತಿಳಿಯಬೇಕಾದರೆ ಆ ಶತಮಾನದ ನ್ಯಾಯಪದ್ಧತಿಯನ್ನು ಸ್ವಲ್ಪ ಅರಿಯಬೇಕು. ಅದಕ್ಕೆ ಮುಂಚೆ ಯುರೋಪಿನ ಹಲವೆಡೆ ಅಪರಾಧದ ಆರೋಪ ಹೊತ್ತವನನ್ನು ದಿವ್ಯಪರೀಕ್ಷೆಗೆ ಒಡ್ಡುತ್ತಿದ್ದರು. ಕಾದ ಕಬ್ಬಿಣವನ್ನು ಕೈಯಲ್ಲಿ ಹಿಡಿಯಬೇಕು ಅಥವಾ ಕಟ್ಟಿ ನೀರಿಗೆ ಹಾಕಿದಾಗ ಏನಾಗುತ್ತದೆಂದು ನೋಡಬೇಕು. ಗಾಯ ಮಾಗಿದರೆ ನಿರಪರಾಧಿ, ಕೀವು ತುಂಬಿದರೆ ಅಪರಾಧಿ. ಈ ಪರೀಕ್ಷೆಗಳನ್ನು ಗುರುಗಳು ಆಶೀರ್ವದಿಸುವ ವಾಡಿಕೆಯೂ ಇತ್ತು. 1215ರಲ್ಲಿ ನಡೆದ ನಾಲ್ಕನೇ ಲ್ಯಾಟರನ್ ಮಹಾಸಭೆ ಇದನ್ನು ಗುರುಗಳಿಗೆ ನಿಷೇಧಿಸಿತು. ನ್ಯಾಯಾಲಯದ ನಡಾವಳಿಯನ್ನು ಬರೆದಿಡಬೇಕೆಂದೂ ಅದೇ ಮಹಾಸಭೆ ಕಟ್ಟಳೆ ಮಾಡಿತು. ಹಾಗಾಗಿ ಸಾಕ್ಷಿ, ದಾಖಲೆ, ವಾದ, ಪ್ರತಿವಾದಗಳ ಮೇಲೆ ತೀರ್ಪು ಕೊಡುವ ಪದ್ಧತಿ ಬಲವಾಯಿತು.

ಇದು ದೊಡ್ಡ ಸುಧಾರಣೆ. ಆದರೆ ಇದರಿಂದ ಹೊಸ ಕಷ್ಟವೊಂದು ಹುಟ್ಟಿತು. ಸಾಕ್ಷಿಯನ್ನು ಪ್ರಶ್ನಿಸಲು, ಕಾಗದ ಓದಲು, ವಾದ ಮಂಡಿಸಲು ಕಲಿತವರು ಬೇಕು. ಕಲಿತವರಿಗೆ ಶುಲ್ಕ ಕೊಡಬೇಕು. ಶುಲ್ಕ ಕೊಡಲಾರದವನ ಗತಿಯೇನು? ಧರ್ಮಸಭೆಯ ಕಾನೂನು ಈ ಪ್ರಶ್ನೆಯನ್ನು ಕಡೆಗಣಿಸಲಿಲ್ಲ. ವಿಧವೆಯರು, ಅನಾಥರು, ದಿಕ್ಕಿಲ್ಲದವರು ಧರ್ಮಸಭೆಯ ವಿಶೇಷ ರಕ್ಷಣೆಗೆ ಸೇರಿದವರು ಎಂದು ಅದು ಹೇಳಿತು. 1274ರಲ್ಲಿ ನಡೆದ ಎರಡನೇ ಲಿಯೊನ್ ಮಹಾಸಭೆಯು ಧರ್ಮಸಭೆಯ ನ್ಯಾಯಾಲಯಗಳ ವಕೀಲರು ನ್ಯಾಯವಾದ ವ್ಯಾಜ್ಯಗಳನ್ನು ಮಾತ್ರ ನಡೆಸುತ್ತೇವೆಂದು ಪ್ರಮಾಣ ಮಾಡಬೇಕೆಂದು ವಿಧಿಸಿತು. ಅವರ ಶುಲ್ಕಕ್ಕೂ ಮಿತಿ ಹಾಕಿತು. ಆಗ ಈವೊ ಅವರಿಗೆ ಇಪ್ಪತ್ತು ವರ್ಷ.

ನಿಯಮ ಕಾಗದದಲ್ಲಿತ್ತು. ಅದನ್ನು ಬದುಕಿ ತೋರಿಸುವವರು ಬೇಕಾಗಿದ್ದರು.

ನ್ಯಾಯಾಧೀಶರ ಪೀಠದಲ್ಲಿ

1280ರ ಸುಮಾರಿಗೆ ಈವೊ ಅವರು ಬ್ರಿಟನಿಗೆ ಮರಳಿದರು. ರೆನ್ ನಗರದಲ್ಲಿ ಅಲ್ಲಿನ ಆರ್ಚ್‌ಡೀಕನರು ಅವರನ್ನು ತಮ್ಮ ನ್ಯಾಯಪೀಠದ ನ್ಯಾಯಾಧೀಶರನ್ನಾಗಿ ನೇಮಿಸಿದರು. ಆಗ ಧರ್ಮಸಭೆಯ ನ್ಯಾಯಾಲಯದ ಮುಂದೆ ಇಂದಿನಂತೆ ವಿವಾಹದ ವಿಚಾರಗಳಷ್ಟೇ ಬರುತ್ತಿರಲಿಲ್ಲ. ಉಯಿಲು, ಅನಾಥ ಮಕ್ಕಳ ಆಸ್ತಿ, ಆಣೆ ಮಾಡಿ ಮುರಿದ ಒಪ್ಪಂದ, ಮಿತಿಮೀರಿದ ಬಡ್ಡಿ, ಗುರುಗಳ ಮೇಲಿನ ಅಪರಾಧದ ಆರೋಪ ಇವೆಲ್ಲ ಅಲ್ಲಿಗೇ ಬರುತ್ತಿದ್ದವು.

ಪೀಠದಲ್ಲಿ ಕುಳಿತ ಈವೊ ಅವರ ಬಗ್ಗೆ ಜನ ನೆನಪಿಟ್ಟುಕೊಂಡ ಮೊದಲ ವಿಷಯ, ಅವರು ಯಾರಿಂದಲೂ ಕಾಣಿಕೆ ತೆಗೆದುಕೊಳ್ಳುತ್ತಿರಲಿಲ್ಲ ಎಂಬುದು. ಆ ಕಾಲದಲ್ಲಿ ನ್ಯಾಯಾಧೀಶರಿಗೆ ಕಾಣಿಕೆ ಕೊಡುವುದು ಮಾಮೂಲು ಮರ್ಯಾದೆ ಎನಿಸಿತ್ತು. ಅದನ್ನು ಲಂಚ ಎಂದು ಕರೆಯುವವರು ವಿರಳ. ಈವೊ ಅವರು ಹಣ್ಣು ಕಾಯಿಯನ್ನೂ ಮುಟ್ಟಲಿಲ್ಲವೆಂದು ಹೇಳುತ್ತಾರೆ. ಎರಡನೆಯದು, ಸೋತವನೂ ಅವರ ಮೇಲೆ ಸಿಟ್ಟಾಗದೆ ಮನೆಗೆ ಹೋಗುತ್ತಿದ್ದ ಎಂಬುದು. ಕೇಳಬೇಕಾದುದನ್ನೆಲ್ಲ ಕೇಳಿಸಿಕೊಂಡು, ಕಾರಣವನ್ನು ಅರ್ಥವಾಗುವಂತೆ ತಿಳಿಸಿ ತೀರ್ಪು ಕೊಟ್ಟರೆ ಸೋಲನ್ನೂ ಮನುಷ್ಯ ಒಪ್ಪಿಕೊಳ್ಳುತ್ತಾನೆ ಎಂಬುದಕ್ಕೆ ಇದು ಸಾಕ್ಷಿ.

ಮೂರನೆಯದು, ವ್ಯಾಜ್ಯವನ್ನು ತೀರ್ಪಿಗೆ ಬಿಡುವ ಮುನ್ನ ರಾಜಿಗೆ ಪ್ರಯತ್ನಿಸುವುದು. ಒಮ್ಮೆ ತಾಯಿ ಮತ್ತು ಮಗ ಒಬ್ಬರ ಮೇಲೊಬ್ಬರು ದಾವೆ ಹೂಡಿದ್ದರು. ಎಷ್ಟು ಬುದ್ಧಿ ಹೇಳಿದರೂ ಇಬ್ಬರೂ ಬಗ್ಗಲಿಲ್ಲ. ಈವೊ ಅವರು ಅವರನ್ನು ಕಾಯಲು ಹೇಳಿ, ಹೋಗಿ ಅವರಿಗಾಗಿ ಬಲಿಪೂಜೆ ಅರ್ಪಿಸಿ ಬಂದರು. ಆಮೇಲೆ ಇಬ್ಬರೂ ರಾಜಿಯಾದರೆಂದು ಅವರ ಚರಿತ್ರೆ ಹೇಳುತ್ತದೆ. ಕುಟುಂಬದ ಜಗಳ ಕಾಗದದಿಂದ ಮುಗಿಯುವುದಿಲ್ಲ, ಮನಸ್ಸು ಕರಗಬೇಕು ಎಂಬುದನ್ನು ಬಲ್ಲ ನ್ಯಾಯಾಧೀಶರು ಅವರು.

ರೆನ್‌ನಲ್ಲಿದ್ದಾಗ ಅವರು ಫ್ರಾನ್ಸಿಸ್ಕನ್ ಮಠದಲ್ಲಿ ಪವಿತ್ರ ಗ್ರಂಥದ ಪಾಠಗಳನ್ನು ಕೇಳಲು ಹೋಗುತ್ತಿದ್ದರು. ಸಂತ ಫ್ರಾನ್ಸಿಸರ ಬಡತನದ ಆದರ್ಶ ಅವರನ್ನು ಆಳವಾಗಿ ತಟ್ಟಿತು. ಸಂಬಳದ ಭಾಗವನ್ನು ಬಡವರಿಗೆ ಹಂಚಿದರು. ಬೆಲೆಬಾಳುವ ನಿಲುವಂಗಿ ಬಿಟ್ಟು ಒರಟು ಬಟ್ಟೆ ತೊಟ್ಟರು.

ವಕೀಲರಾಗಿ

ಕೆಲವು ವರ್ಷಗಳ ಬಳಿಕ ಟ್ರೆಗಿಯೆಯ ಧರ್ಮಾಧ್ಯಕ್ಷರು ಅವರನ್ನು ತಮ್ಮ ಸ್ವಂತ ಧರ್ಮಪ್ರಾಂತ್ಯಕ್ಕೆ ಕರೆಸಿಕೊಂಡು ನ್ಯಾಯಾಧೀಶರ ಹೊಣೆ ಕೊಟ್ಟರು. 1284ರಲ್ಲಿ ಅವರಿಗೆ ಗುರುದೀಕ್ಷೆಯಾಯಿತು. ಅದೇ ಸಮಯದಲ್ಲಿ ಟ್ರೆಡ್ರೆ ಎಂಬ ಧರ್ಮಕೇಂದ್ರವನ್ನೂ ವಹಿಸಲಾಯಿತು. ಮುಂದೆ ಲುವಾನೆಕ್ ಎಂಬ ಧರ್ಮಕೇಂದ್ರಕ್ಕೆ ವರ್ಗವಾದರು.

ಇಲ್ಲಿಂದ ಅವರ ಬದುಕಿನ ವಿಶೇಷ ಅಧ್ಯಾಯ ಆರಂಭವಾಗುತ್ತದೆ. ತಮ್ಮ ಪೀಠದ ಮುಂದೆ ಬಂದ ವ್ಯಾಜ್ಯಗಳಲ್ಲಿ ಅವರು ನ್ಯಾಯಾಧೀಶರು. ಆದರೆ ಬೇರೆ ನ್ಯಾಯಾಲಯಗಳಲ್ಲಿ ಬಡವರೊಬ್ಬರ ವ್ಯಾಜ್ಯವಿದೆ, ವಾದಿಸುವವರಿಲ್ಲ ಎಂದು ತಿಳಿದರೆ ಸ್ವತಃ ವಕೀಲರಾಗಿ ಹೊರಡುತ್ತಿದ್ದರು. ಟ್ರೆಗಿಯೆಯ ತೀರ್ಪಿನ ಮೇಲಿನ ಮೇಲ್ಮನವಿಗಳು ಟೂರ್ ನಗರದ ಮಹಾಧರ್ಮಾಧ್ಯಕ್ಷರ ನ್ಯಾಯಾಲಯಕ್ಕೆ ಹೋಗುತ್ತಿದ್ದವು. ಅದು ಹಲವು ದಿನಗಳ ಪ್ರಯಾಣ. ಈವೊ ಅವರು ಅಲ್ಲಿಗೂ ಹೋಗಿ ವಾದಿಸಿದರು. ಶುಲ್ಕ ಕೇಳಲಿಲ್ಲ. ಅಗತ್ಯವಿದ್ದಾಗ ನ್ಯಾಯಾಲಯದ ಖರ್ಚನ್ನೂ ತಾವೇ ಭರಿಸಿದರು. ಸೆರೆಮನೆಯಲ್ಲಿದ್ದವರನ್ನು ಕಾಣಲು ಹೋಗುತ್ತಿದ್ದರು. ಊಟ, ಬಟ್ಟೆಯ ಜೊತೆಗೆ ಅವರ ವಿಚಾರಣೆ ಎಲ್ಲಿಗೆ ಬಂತು ಎಂಬುದನ್ನೂ ನೋಡಿಕೊಳ್ಳುತ್ತಿದ್ದರು.

ಒಂದು ವಿಷಯವನ್ನು ಇಲ್ಲಿ ಗಮನಿಸಬೇಕು. ಬಡವ ಎಂಬ ಒಂದೇ ಕಾರಣಕ್ಕೆ ಅವರು ವ್ಯಾಜ್ಯ ಹಿಡಿಯುತ್ತಿರಲಿಲ್ಲ. ತನ್ನ ಪಕ್ಷ ಮನಸ್ಸಾಕ್ಷಿಗೆ ನ್ಯಾಯವೆನಿಸುತ್ತದೆ ಎಂದು ಕಕ್ಷಿದಾರ ಮೊದಲು ಆಣೆಯಿಟ್ಟು ಹೇಳಬೇಕಿತ್ತು. ಬಡವನೂ ಸುಳ್ಳು ಹೇಳಬಲ್ಲ ಎಂಬುದು ಅವರಿಗೆ ಗೊತ್ತಿತ್ತು. ಕರುಣೆ ಮತ್ತು ಸತ್ಯ ಎರಡನ್ನೂ ಒಟ್ಟಿಗೆ ಹಿಡಿದುಕೊಂಡದ್ದರಿಂದಲೇ ಎದುರಿನ ವಕೀಲರೂ ಅವರ ಮಾತಿಗೆ ಬೆಲೆ ಕೊಟ್ಟರು.

ಟೂರಿನ ವಿಧವೆ

ಸಂತ ಈವೊ ಅವರ ಬಗ್ಗೆ ಜನಜನಿತವಾದ ಕತೆಗಳಲ್ಲಿ ಟೂರಿನ ವಿಧವೆಯ ಕತೆ ಪ್ರಸಿದ್ಧ. ಇದು ಪರಂಪರೆಯಿಂದ ಬಂದದ್ದು. ಹೇಳುವವರ ಬಾಯಲ್ಲಿ ಸ್ವಲ್ಪ ಸ್ವಲ್ಪ ಬದಲಾಗಿದೆ. ಆದರೂ ತಿರುಳು ಒಂದೇ.

ಟೂರ್ ನಗರದಲ್ಲಿ ಈವೊ ಅವರು ಉಳಿದುಕೊಳ್ಳುತ್ತಿದ್ದ ವಸತಿಗೃಹವನ್ನು ನಡೆಸುತ್ತಿದ್ದವಳು ಒಬ್ಬ ವಿಧವೆ. ಒಮ್ಮೆ ಅವರು ಹೋದಾಗ ಆಕೆ ಅಳುತ್ತಿದ್ದಳು. ಕೇಳಿದಾಗ ವಿಷಯ ತಿಳಿಯಿತು. ಇಬ್ಬರು ವ್ಯಾಪಾರಿಗಳು ಅವಳಲ್ಲಿ ಇಳಿದುಕೊಂಡು, ಬೀಗ ಹಾಕಿದ ಭಾರದ ಚೀಲವೊಂದನ್ನು ಒಪ್ಪಿಸಿದ್ದರು. ಇಬ್ಬರೂ ಒಟ್ಟಿಗೆ ಬಂದು ಕೇಳಿದರೆ ಮಾತ್ರ ಕೊಡಬೇಕೆಂಬುದು ಕರಾರು. ಕೆಲವು ದಿನಗಳ ನಂತರ ಅವರಲ್ಲೊಬ್ಬ ಬಂದು ಏನೋ ನೆಪ ಹೇಳಿ ಚೀಲ ತೆಗೆದುಕೊಂಡು ಹೋದ. ಪರಿಚಯದ ಮುಖವೆಂದು ಆಕೆ ಕೊಟ್ಟುಬಿಟ್ಟಳು. ಸ್ವಲ್ಪ ಹೊತ್ತಿನಲ್ಲೇ ಎರಡನೆಯವನು ಬಂದು ಚೀಲ ಕೇಳಿದ. ಇಲ್ಲವೆಂದಾಗ ನ್ಯಾಯಾಲಯಕ್ಕೆ ಹೋದ. ಚೀಲದಲ್ಲಿ ಚಿನ್ನದ ನಾಣ್ಯಗಳಿದ್ದವು, ಅಷ್ಟನ್ನೂ ಕೊಡಬೇಕು ಎಂಬುದು ಅವನ ದಾವೆ. ಕರಾರು ಮುರಿದದ್ದು ನಿಜವಾದ್ದರಿಂದ ತೀರ್ಪು ಅವಳ ವಿರುದ್ಧವೇ ಆಗುವುದರಲ್ಲಿತ್ತು. ಮನೆಮಾರು ಹೋಗುವ ಭಯದಲ್ಲಿ ಆಕೆ ಕುಳಿತಿದ್ದಳು.

ಮರುದಿನ ಈವೊ ಅವರು ಅವಳ ಪರ ವಕೀಲರಾಗಿ ನ್ಯಾಯಾಲಯದಲ್ಲಿ ನಿಂತರು. ಚೀಲವನ್ನು ತಂದೊಪ್ಪಿಸಲು ತಮ್ಮ ಕಕ್ಷಿದಾರಳು ಸಿದ್ಧಳಿದ್ದಾಳೆ ಎಂದು ಅವರು ತಿಳಿಸಿದರು. ಆದರೆ ಫಿರ್ಯಾದಿಯೇ ಹೇಳಿಕೊಂಡ ಕರಾರಿನಂತೆ ಇಬ್ಬರೂ ಒಟ್ಟಿಗೆ ಬಂದು ಕೇಳಬೇಕು. ಇವನು ತನ್ನ ಜೊತೆಗಾರನನ್ನು ಕರೆತರಲಿ, ಆಗ ಕೊಡುತ್ತೇವೆ ಎಂದರು. ನ್ಯಾಯಾಧೀಶರು ಈ ವಾದವನ್ನು ಒಪ್ಪಿದರು. ಫಿರ್ಯಾದಿಯ ಮುಖ ಬಿಳಿಚಿಕೊಂಡಿತು. ಅವನು ತಪ್ಪಿಸಿಕೊಳ್ಳಲು ನೋಡಿದಾಗ ಅನುಮಾನ ಬಂದು ವಿಚಾರಿಸಿದರು. ಇಬ್ಬರೂ ಸೇರಿ ಹೂಡಿದ ಮೋಸ ಅದೆಂದೂ, ಚೀಲದಲ್ಲಿ ಬೆಲೆಬಾಳುವುದೇನೂ ಇರಲಿಲ್ಲವೆಂದೂ ಬಯಲಾಯಿತು.

ಈ ಕತೆಯನ್ನು ಜಾಣತನದ ಕತೆ ಎಂದು ಓದಿ ನಕ್ಕುಬಿಡಬಹುದು. ಆದರೆ ಆ ವಿಧವೆಯ ಸ್ಥಾನದಲ್ಲಿ ನಿಂತು ನೋಡೋಣ. ಸತ್ಯ ಅವಳ ಕಡೆಗಿತ್ತು. ಅವಳನ್ನು ಉಳಿಸಿದ ಕಾನೂನೂ ಮೊದಲಿನಿಂದಲೇ ಇತ್ತು. ಆ ಕರಾರಿನಲ್ಲೇ ಇತ್ತು. ಅದನ್ನು ಓದಿ ಎತ್ತಿ ತೋರಿಸುವ ಮನುಷ್ಯನೊಬ್ಬ ಇರಲಿಲ್ಲ, ಅಷ್ಟೇ. ಈವೊ ಅವರು ಅಂದು ಆ ವಸತಿಗೃಹಕ್ಕೆ ಬಾರದಿದ್ದರೆ ನಿರಪರಾಧಿಯಾದ ಆಕೆ ಬೀದಿಗೆ ಬೀಳುತ್ತಿದ್ದಳು, ಮೋಸಗಾರರು ತೀರ್ಪಿನ ಕಾಗದ ಹಿಡಿದು ಹೋಗುತ್ತಿದ್ದರು.

ದೊಡ್ಡವರೆದುರು

ಬಲವಿಲ್ಲದವರ ಮುಂದೆ ಮೃದುವಾಗಿದ್ದ ಈವೊ ಅವರು ಬಲಶಾಲಿಗಳ ಮುಂದೆ ಅಂಜಲಿಲ್ಲ. ಆಗ ಫ್ರಾನ್ಸನ್ನು ಆಳುತ್ತಿದ್ದವನು ನಾಲ್ಕನೇ ಫಿಲಿಪ್ ದೊರೆ. ಯುದ್ಧದ ಖರ್ಚಿಗಾಗಿ ಅವನು ಧರ್ಮಸಭೆಯ ಮೇಲೆ ತೆರಿಗೆ ಹೇರಿದ್ದ. ದೊರೆಯ ಅಧಿಕಾರಿಗಳು ಟ್ರೆಗಿಯೆಗೆ ಬಂದು ಸ್ವತ್ತು ಜಪ್ತಿಮಾಡಲು ಹೊರಟಾಗ ಈವೊ ಅವರು ಎದುರು ನಿಂತು ತಡೆದರು. ಕೆಲವರಿಗೆ ಇದರಿಂದ ಭಯವಾಯಿತು. ದೊರೆಯನ್ನು ಕೆಣಕಿ ಎಲ್ಲರಿಗೂ ಆಪತ್ತು ತಂದರೆಂದು ಅವರನ್ನು ದೂರಿದವರೂ ಇದ್ದರು. ತಮ್ಮವರಿಂದಲೇ ಬರುವ ಇಂಥ ಮಾತು ಹೊರಗಿನವರ ಬೆದರಿಕೆಗಿಂತ ಹೆಚ್ಚು ನೋಯಿಸುತ್ತದೆ. ಆದರೂ ಅವರು ಹಿಂದೆ ಸರಿಯಲಿಲ್ಲ.

ಕೆರ್ಮಾರ್ಟಿನ್‌ನ ಮನೆ

ತಂದೆಯಿಂದ ಬಂದ ಕೆರ್ಮಾರ್ಟಿನ್‌ನ ಮನೆಯನ್ನು ಈವೊ ಅವರು ಅನಾಥರಿಗೂ ರೋಗಿಗಳಿಗೂ ದಾರಿಹೋಕರಿಗೂ ಬಿಟ್ಟುಕೊಟ್ಟರು. ರೋಗಿಗಳನ್ನು ತಮ್ಮ ಕೈಯಾರೆ ನೋಡಿಕೊಂಡರು. ಊರೂರು ಅಲೆದು ಹಾಡಿ ಹೊಟ್ಟೆ ಹೊರೆಯುತ್ತಿದ್ದ ಒಬ್ಬಾತ ಹೆಂಡತಿ ಮಕ್ಕಳೊಂದಿಗೆ ಆಶ್ರಯ ಕೇಳಿ ಬಂದ. ಆ ಕುಟುಂಬ ಹೋಗಲೇ ಇಲ್ಲ; ವರ್ಷಗಟ್ಟಲೆ ಅಲ್ಲೇ ಉಳಿಯಿತು. ಈವೊ ಅವರು ಹೊರಡೆಂದು ಹೇಳಲಿಲ್ಲ.

ಒಂದು ಬೆಳಿಗ್ಗೆ ಬಾಗಿಲು ತೆರೆದಾಗ ಭಿಕ್ಷುಕನೊಬ್ಬ ರಾತ್ರಿಯಿಡೀ ಹೊಸ್ತಿಲ ಬಳಿ ಮಲಗಿದ್ದುದನ್ನು ಅವರು ಕಂಡರು. ಆ ದಿನ ರಾತ್ರಿ ಅವನನ್ನು ತಮ್ಮ ಹಾಸಿಗೆಯಲ್ಲಿ ಮಲಗಿಸಿ ತಾವು ಹೊಸ್ತಿಲಲ್ಲಿ ಮಲಗಿದರು. ಕೊಯ್ಲಾದ ಕೂಡಲೇ ಧಾನ್ಯವನ್ನು ಬಡವರಿಗಾಗಿ ವಿನಿಯೋಗಿಸುತ್ತಿದ್ದರು. ಕೆಲವು ತಿಂಗಳು ಕಾದರೆ ಒಳ್ಳೆಯ ಬೆಲೆ ಬರುತ್ತದೆ ಎಂದು ಹಿತೈಷಿಗಳು ಹೇಳಿದಾಗ, ಅಷ್ಟು ದಿನ ತಾವು ಬದುಕಿರುತ್ತೇವೆಂಬ ಭರವಸೆ ಯಾರಿಗಿದೆ ಎಂಬುದು ಅವರ ಉತ್ತರವಾಗಿತ್ತು.

ಧರ್ಮಕೇಂದ್ರದ ಗುರುಗಳಾಗಿ ಅವರು ಬ್ರೆಟನ್ ಭಾಷೆಯಲ್ಲಿ ಪ್ರಸಂಗ ಮಾಡಿದರು. ಲತೀನ್, ಫ್ರೆಂಚ್ ಬಲ್ಲವರಾಗಿದ್ದರೂ ಜನರ ಮಾತಿನಲ್ಲೇ ಶುಭಸಂದೇಶ ಸಾರಿದರು. ಒಂದೇ ದಿನ ಹಲವು ದೇವಾಲಯಗಳಿಗೆ ನಡೆದುಹೋಗಿ ಬೋಧಿಸುತ್ತಿದ್ದರು. ದಾರಿಯಲ್ಲಿ ಸಿಕ್ಕವರ ಜಗಳವನ್ನೂ ಬಿಡಿಸುತ್ತಿದ್ದರು. ಬದುಕಿನ ಕೊನೆಯ ವರ್ಷಗಳಲ್ಲಿ ನ್ಯಾಯಾಧೀಶರ ಹುದ್ದೆಯನ್ನು ಬಿಟ್ಟುಕೊಟ್ಟು ಪೂರ್ತಿಯಾಗಿ ಧರ್ಮಕೇಂದ್ರದ ಸೇವೆಯಲ್ಲಿ, ಪ್ರಾರ್ಥನೆಯಲ್ಲಿ ತೊಡಗಿದರು.

ಮರಣ ಮತ್ತು ಸಂತ ಪದವಿ

1303ರ ತಪಸ್ಸು ಕಾಲದಲ್ಲಿ ಅವರ ಶಕ್ತಿ ಕುಂದಿತು. ಉಪವಾಸ ಸಡಿಲಿಸಲು ಒಪ್ಪಲಿಲ್ಲ. ಸ್ವರ್ಗಾರೋಹಣ ಹಬ್ಬದ ಮುನ್ನಾದಿನ ಇಬ್ಬರ ಆಸರೆ ಹಿಡಿದು ನಿಂತು ಬಲಿಪೂಜೆ ಅರ್ಪಿಸಿ ಜನರಿಗೆ ಬೋಧಿಸಿದರು. ಆಮೇಲೆ ಹಾಸಿಗೆ ಹಿಡಿದರು. ಅದೂ ಬರಿಯ ಕಡ್ಡಿಯ ತಟ್ಟಿ. ಕೊನೆಯ ಸಂಸ್ಕಾರಗಳನ್ನು ಸ್ವೀಕರಿಸಿ ಮೇ 19ರಂದು, ಆದಿತ್ಯವಾರ, ದೇವರ ಪಾದ ಸೇರಿದರು. ಐವತ್ತು ವರ್ಷ ಇನ್ನೂ ತುಂಬಿರಲಿಲ್ಲ. ಟ್ರೆಗಿಯೆಯ ಪ್ರಧಾನ ದೇವಾಲಯದಲ್ಲಿ ಅವರನ್ನು ಸಮಾಧಿ ಮಾಡಲಾಯಿತು.

1330ರಲ್ಲಿ ಪೋಪ್ ಇಪ್ಪತ್ತೆರಡನೇ ಜಾನ್ ಅವರ ಆಜ್ಞೆಯಂತೆ ಟ್ರೆಗಿಯೆಯಲ್ಲಿ ವಿಚಾರಣೆ ನಡೆಯಿತು. ಇನ್ನೂರಕ್ಕೂ ಹೆಚ್ಚು ಜನ ಸಾಕ್ಷಿ ನುಡಿದರು. ಅವರಲ್ಲಿ ಗುರುಗಳು, ವಕೀಲರು, ಶ್ರೀಮಂತರು ಇದ್ದಂತೆ, ಅವರ ಮನೆಯ ಅನ್ನ ಉಂಡ ಬಡವರೂ ಇದ್ದರು. ಬದುಕಿನುದ್ದಕ್ಕೂ ಬಡವರ ಮಾತನ್ನು ನ್ಯಾಯಾಲಯಕ್ಕೆ ತಲುಪಿಸಿದವರ ಪರವಾಗಿ ಈಗ ಬಡವರೇ ಸಾಕ್ಷಿಕಟ್ಟೆ ಏರಿದರು. 1347ರ ಮೇ 19ರಂದು ಆವಿಞೋನ್ ನಗರದಲ್ಲಿ ಪೋಪ್ ಆರನೇ ಕ್ಲೆಮೆಂಟ್ ಅವರು ಈವೊ ಅವರನ್ನು ಸಂತರೆಂದು ಘೋಷಿಸಿದರು.

ಬ್ರಿಟನಿಯ ಡ್ಯೂಕ್ ಐದನೇ ಜಾನ್ ಅವರ ಗೋರಿಯ ಮೇಲೆ ಭವ್ಯ ಸ್ಮಾರಕ ಕಟ್ಟಿಸಿದ್ದ. ಫ್ರೆಂಚ್ ಕ್ರಾಂತಿಯ ಕಾಲದಲ್ಲಿ, 1794ರಲ್ಲಿ, ಸೈನಿಕರು ಅದನ್ನು ಒಡೆದು ಹಾಕಿದರು. ಈಗಿರುವುದು 1890ರಲ್ಲಿ ಕಟ್ಟಿದ್ದು. ಪ್ರತಿ ವರ್ಷ ಮೇ ತಿಂಗಳ ಮೂರನೇ ಭಾನುವಾರ ಟ್ರೆಗಿಯೆಯಲ್ಲಿ ದೊಡ್ಡ ಮೆರವಣಿಗೆ. ಸಂತರ ಪವಿತ್ರ ಅವಶೇಷವನ್ನು ಹೊತ್ತು ಅವರ ಹುಟ್ಟೂರಿನವರೆಗೆ ಸಾಗುತ್ತಾರೆ. ಹಲವು ದೇಶಗಳ ವಕೀಲರು ತಮ್ಮ ಕಪ್ಪು ಗೌನು ತೊಟ್ಟು ಮೆರವಣಿಗೆಯಲ್ಲಿ ನಡೆಯುತ್ತಾರೆ. ರೋಮಿನಲ್ಲಿ ಹಳೆಯ ವಿಶ್ವವಿದ್ಯಾಲಯದ ಅಂಗಳದಲ್ಲಿ ಬೊರೊಮಿನಿ ಎಂಬ ಶಿಲ್ಪಿ 17ನೇ ಶತಮಾನದಲ್ಲಿ ಕಟ್ಟಿದ ಸುಂದರ ದೇವಾಲಯ ಇವರ ಹೆಸರಿನಲ್ಲಿದೆ. ಚಿತ್ರಗಳಲ್ಲಿ ಸಂತ ಈವೊ ಅವರನ್ನು ಒಬ್ಬ ಧನಿಕ ಮತ್ತು ಒಬ್ಬ ಬಡವನ ನಡುವೆ ನಿಂತಂತೆ ತೋರಿಸುತ್ತಾರೆ. 2003ರಲ್ಲಿ, ಅವರು ತೀರಿಕೊಂಡ ಏಳುನೂರನೇ ವರ್ಷದಲ್ಲಿ, ಪೋಪ್ ಎರಡನೇ ಜಾನ್ ಪಾವ್ಲ್ ಅವರು ಅಲ್ಲಿನ ಧರ್ಮಾಧ್ಯಕ್ಷರಿಗೆ ವಿಶೇಷ ಸಂದೇಶ ಕಳುಹಿಸಿದರು.

ನಮಗೇನು ಪಾಠ?

ಕೆಲವು ವರ್ಷಗಳ ಹಿಂದೆ ನಾವು ಸೇವೆ ಸಲ್ಲಿಸುತ್ತಿದ್ದ ಧರ್ಮಕೇಂದ್ರದಲ್ಲಿ ಕೂಲಿ ಮುಗಿಸಿ ಮನೆಗೆ ಬರುತ್ತಿದ್ದ ಒಬ್ಬರು ವಾಹನ ಬಡಿದು ತೀರಿಕೊಂಡರು. ನಾವು ಅಂತ್ಯಕ್ರಿಯೆ ನಡೆಸಿದೆವು, ತಿಂಗಳ ಪೂಜೆ ಅರ್ಪಿಸಿದೆವು, ವಾಳೆಯವರು ಸೇರಿ ಸಂಗ್ರಹಿಸಿದ ಹಣವನ್ನು ಹೆಂಡತಿಯ ಕೈಗೆ ಕೊಟ್ಟೆವು. ನಮ್ಮ ಕರ್ತವ್ಯ ಮುಗಿಯಿತೆಂದುಕೊಂಡೆವು. ಬಹಳ ತಡವಾಗಿ ತಿಳಿಯಿತು: ಆ ದುಃಖದ ದಿನಗಳಲ್ಲೇ ಯಾರೋ ಮನೆಗೆ ಬಂದು ಸಣ್ಣ ಮೊತ್ತ ಕೊಟ್ಟು, ಆಕೆ ಓದಲಾರದ ಕಾಗದಕ್ಕೆ ಸಹಿ ಹಾಕಿಸಿಕೊಂಡಿದ್ದರು. ಗುರುಗಳನ್ನು ಕೇಳಬೇಕೆಂದು ಆಕೆಗೆ ಹೊಳೆದಿರಲಿಲ್ಲ. ಕೇಸು ಏನಾಯಿತೆಂದು ಕೇಳಬೇಕೆಂದು ನಮಗೂ ಹೊಳೆದಿರಲಿಲ್ಲ. ಟೂರಿನ ವಿಧವೆಯ ಕತೆ ಓದುವಾಗಲೆಲ್ಲ ನಮಗೆ ಆ ಮನೆ ನೆನಪಾಗುತ್ತದೆ.

ಇಂದು ನಮ್ಮ ದೇಶದಲ್ಲಿ ಬಡವರಿಗೆ ವಕೀಲರನ್ನು ಒದಗಿಸುವುದು ಯಾರದೋ ದಯೆಗೆ ಬಿಟ್ಟ ವಿಷಯವಲ್ಲ. ಸಂವಿಧಾನದ 39ಎ ವಿಧಿಯು ಉಚಿತ ಕಾನೂನು ನೆರವನ್ನು ಸರಕಾರದ ಹೊಣೆಯಾಗಿಸಿದೆ. 1979ರಲ್ಲಿ ಬಿಹಾರದ ವಿಚಾರಣಾಧೀನ ಕೈದಿಗಳ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಹಣವಿಲ್ಲದ ಆರೋಪಿಗೆ ವಕೀಲರ ನೆರವು ಸಿಗುವುದು ಬದುಕುವ ಹಕ್ಕಿನ ಭಾಗವೆಂದು ಹೇಳಿತು. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯಿದೆ 1995ರ ನವೆಂಬರ್ 9ರಂದು ಜಾರಿಗೆ ಬಂತು. ಅದರಂತೆ ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಪಂಗಡದವರು, ಅಂಗವಿಕಲರು, ಕೈಗಾರಿಕಾ ಕಾರ್ಮಿಕರು ಮತ್ತು ಬಂಧನದಲ್ಲಿರುವವರು ಆದಾಯದ ಲೆಕ್ಕವಿಲ್ಲದೆ ಉಚಿತ ವಕೀಲರನ್ನು ಪಡೆಯಬಹುದು. ಉಳಿದವರಿಗೆ ಆದಾಯದ ಮಿತಿಯಿದೆ. ಜಿಲ್ಲಾ ನ್ಯಾಯಾಲಯದಲ್ಲಿ ಜಿಲ್ಲಾ ಪ್ರಾಧಿಕಾರ, ತಾಲೂಕಿನಲ್ಲಿ ತಾಲೂಕು ಸಮಿತಿ ಇದೆ. ಸಹಾಯವಾಣಿಯ ಸಂಖ್ಯೆ 15100.

ಧರ್ಮಕೇಂದ್ರದ ಕಾರ್ಯಕರ್ತರು ಇನ್ನು ಕೆಲವು ವಿಷಯಗಳನ್ನು ತಿಳಿದಿರುವುದು ಒಳ್ಳೆಯದು. ಬಂಧಿಸಿದವರನ್ನು ಪ್ರಯಾಣದ ಸಮಯ ಬಿಟ್ಟು 24 ಗಂಟೆಗಳೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ತನಗೆ ಬೇಕಾದ ವಕೀಲರನ್ನು ಕಾಣುವ ಹಕ್ಕು ಬಂಧಿತನಿಗಿದೆ. ರಸ್ತೆ ಅಪಘಾತದಲ್ಲಿ ಗಾಯಗೊಂಡವರು ಅಥವಾ ತೀರಿಕೊಂಡವರ ಮನೆಯವರು ಪರಿಹಾರಕ್ಕಾಗಿ ಮೋಟಾರು ಅಪಘಾತ ನ್ಯಾಯಮಂಡಳಿಗೆ ಅರ್ಜಿ ಹಾಕಬಹುದು. 2019ರ ತಿದ್ದುಪಡಿ ಇದಕ್ಕೆ ಆರು ತಿಂಗಳ ಅವಧಿ ಹೇಳಿರುವುದರಿಂದ ತಡ ಮಾಡಬಾರದು. ಡಿಕ್ಕಿ ಹೊಡೆದ ವಾಹನ ಯಾವುದೆಂದೇ ತಿಳಿಯದಿದ್ದರೂ ಸಾವಿಗೆ 2 ಲಕ್ಷ ರೂಪಾಯಿ, ತೀವ್ರ ಗಾಯಕ್ಕೆ 50,000 ರೂಪಾಯಿ ಕೊಡುವ ಯೋಜನೆ 2022ರಿಂದ ಇದೆ. ಪರಿಹಾರದ ಹಣದಲ್ಲಿ ಇಂತಿಷ್ಟು ಪಾಲು ಬೇಕು ಎಂದು ವಕೀಲರು ಕರಾರು ಮಾಡಿಕೊಳ್ಳುವುದನ್ನು ವಕೀಲರ ಪರಿಷತ್ತಿನ ನಿಯಮವೇ ನಿಷೇಧಿಸಿದೆ. ಆಸ್ಪತ್ರೆಯ ಬಾಗಿಲಲ್ಲಿ ಕಾದು ನಿಂತು ಸಹಿ ಕೇಳುವ ದಲ್ಲಾಳಿಗಳನ್ನು ದೂರ ಇಡಬೇಕು.

ಇನ್ನೊಂದು ಮಾತು. ಅಪಘಾತದಲ್ಲಿ ನೊಂದವರ ಮನೆಗೆ ನಾವು ಸುಲಭವಾಗಿ ಹೋಗುತ್ತೇವೆ. ಆರೋಪ ಹೊತ್ತವರ ಮನೆಗೆ ಹೋಗಲು ಕಾಲು ಹಿಂದೇಟು ಹಾಕುತ್ತದೆ. ಮಗ ಜೈಲಿನಲ್ಲಿದ್ದಾನೆಂದು ತಾಯಿಯೊಬ್ಬಳು ಭಾನುವಾರದ ಪೂಜೆಗೆ ಬರುವುದನ್ನೇ ನಿಲ್ಲಿಸಿದರೆ ಆ ತಪ್ಪಿನಲ್ಲಿ ನಮ್ಮ ನೋಟಗಳ ಪಾಲೂ ಇದೆ. ತಪ್ಪು ಮಾಡಿದ್ದಾನೋ ಇಲ್ಲವೋ ಎಂಬುದನ್ನು ನ್ಯಾಯಾಲಯ ತೀರ್ಮಾನಿಸಲಿ. ಅವನ ಪರವಾಗಿ ಮಾತನಾಡುವವರೊಬ್ಬರು ಇರಬೇಕು ಎಂಬುದು ಮಾತ್ರ ನ್ಯಾಯದ ಮೊದಲ ಬೇಡಿಕೆ. ಸೆರೆಯಲ್ಲಿದ್ದವರನ್ನು ಕಾಣಲು ಬಂದವರು ತಮ್ಮನ್ನೇ ಕಂಡರೆಂದು ಪ್ರಭು ಯೇಸು ಕಲಿಸಿದ್ದಾರೆ. ಬಲಿಯಾದವರಿಗೂ ನ್ಯಾಯ, ಆರೋಪಿಗೂ ನ್ಯಾಯ ಎಂಬ ಎರಡನ್ನೂ ಒಟ್ಟಿಗೆ ಬಯಸುವುದು ಕಷ್ಟ. ಸಂತ ಈವೊ ಅವರು ಅದನ್ನು ಬದುಕಿದರು.

ನಮ್ಮ ಧರ್ಮಪ್ರಾಂತ್ಯದ ಧರ್ಮಕೇಂದ್ರಗಳಲ್ಲಿ ಹಲವು ವಕೀಲರು, ಕಾನೂನು ವಿದ್ಯಾರ್ಥಿಗಳು ಇದ್ದಾರೆ. ತಿಂಗಳಿಗೊಂದು ಭಾನುವಾರ ಪೂಜೆಯ ನಂತರ ಒಂದು ಗಂಟೆ ಧರ್ಮಕೇಂದ್ರದ ಸಭಾಂಗಣದಲ್ಲಿ ಕುಳಿತು ಜನರ ಕಾಗದಗಳನ್ನು ಓದಿ ಹೇಳಿದರೆ ಅದೇ ದೊಡ್ಡ ಸೇವೆ. ಸಂತ ವಿನ್ಸೆಂಟ್ ದ ಪಾವ್ಲ್ ಸಭೆಯವರು, ವಾಳೆಯ ಗುರಿಕಾರರು ಕಷ್ಟದಲ್ಲಿರುವ ಮನೆಗೆ ಹೋದಾಗ ಅಕ್ಕಿ, ಔಷಧದ ಜೊತೆಗೆ ಕೇಸು ಏನಾಯಿತು, ಯಾವ ಕಾಗದಕ್ಕೆ ಸಹಿ ಹಾಕಿದ್ದೀರಿ ಎಂದೂ ವಿಚಾರಿಸಲಿ. ಗುರುಗಳಾದ ನಾವೂ ಅದನ್ನು ಕಲಿಯಬೇಕಾಗಿದೆ.

ಸಂತ ಈವೊ ಅವರ ಹಬ್ಬದ ಶುಭಾಶಯಗಳು ನಮ್ಮ ಎಲ್ಲ ವಕೀಲ ಬಾಂಧವರಿಗೆ, ನ್ಯಾಯಾಧೀಶರಿಗೆ, ನ್ಯಾಯಾಲಯದ ಸಿಬ್ಬಂದಿಗೆ. ನ್ಯಾಯಕ್ಕಾಗಿ ಕಾಯುತ್ತಿರುವ ಎಲ್ಲ ಕುಟುಂಬಗಳನ್ನು ಅವರ ಆಶ್ರಯಕ್ಕೆ ಒಪ್ಪಿಸೋಣ.

ಬಡವರ ವಕೀಲರಾದ ಸಂತ ಈವೊ ಅವರೇ, ನಮಗಾಗಿ ಪ್ರಾರ್ಥಿಸಿರಿ.